ದಿಢೀರ್ ತೂಕ ಇಳಿಸುವ ಡಯಟ್‌ಗಳು: ಅವು ಏಕೆ ಹಾನಿಕರ, ಏಕೆ ಫಲಿಸುವುದಿಲ್ಲ

ಅಲ್ಪಾವಧಿಯಲ್ಲಿ ದೇಹದ ತೂಕ ಇಳಿಸುವುದಾಗಿ ಭರವಸೆ ನೀಡುವ ಆಹಾರಕ್ರಮಗಳು ಇಂದು ದೊಡ್ಡ ನಗರಗಳಲ್ಲಷ್ಟೇ ಅಲ್ಲದೆ ತಾಲ್ಲೂಕು, ಹೋಬಳಿ ಮಟ್ಟದವರೆಗೂ ಪ್ರಚಾರದಲ್ಲಿವೆ. ‘ಏಳು ದಿನಕ್ಕೆ ಐದು ಕಿಲೋ’, ‘ಅನ್ನ ಬಿಟ್ಟರೆ ಬೊಜ್ಜು ಮಾಯ’, ‘ರಸ ಕುಡಿದು ದೇಹಶುದ್ಧಿ’ ಎಂಬಂತಹ ಮಾತುಗಳು ಮೊಬೈಲ್ ಸಂದೇಶಗಳ ಮೂಲಕ ಮನೆಮನೆಗೂ ತಲುಪುತ್ತಿವೆ. ಮದುವೆ, ಗೃಹಪ್ರವೇಶಗಳ ಕಾಲ ಸಮೀಪಿಸಿದಂತೆ ಇವುಗಳಿಗೆ ಬೇಡಿಕೆ ಇನ್ನೂ ಹೆಚ್ಚುತ್ತದೆ. ಇಂತಹ ಆಹಾರಕ್ರಮಗಳ ಹಿಂದಿರುವ ಲೆಕ್ಕಾಚಾರವೇನು, ದೇಹದ ಮೇಲೆ ಅವುಗಳ ಪರಿಣಾಮವೇನು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ತೂಕ ಇಳಿಸಬೇಕೆಂಬ ಬಯಕೆಯನ್ನು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 24ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದು, ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ. 30ರಷ್ಟಿದೆ. ಭಾರತೀಯರಲ್ಲಿ ಬೊಜ್ಜು ಸೊಂಟದ ಸುತ್ತ ಹೆಚ್ಚಾಗಿ ಸೇರುವುದರಿಂದ, ಇತರ ದೇಶದವರಿಗಿಂತ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗದ ಅಪಾಯ ಎದುರಾಗುತ್ತದೆ. ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ.ಗಿಂತ ಹೆಚ್ಚಿನ ಸೊಂಟದ ಸುತ್ತಳತೆಯನ್ನು ಎಚ್ಚರಿಕೆಯ ಸೂಚನೆ ಎಂದು ಪರಿಗಣಿಸಲಾಗಿದೆ. ಆದುದರಿಂದ ಪ್ರಶ್ನೆ ಇರುವುದು ತೂಕ ಇಳಿಸಬೇಕೆ ಬೇಡವೆ ಎಂಬುದರಲ್ಲಲ್ಲ; ಯಾವ ಬಗೆಯಲ್ಲಿ ಎಂಬುದರಲ್ಲಿ.

ಪಥ್ಯ ಬೇರೆ, ಡಯಟ್ ಬೇರೆ

ಕನ್ನಡದಲ್ಲಿ ‘ಪಥ್ಯ’ ಎಂಬ ಪದವು ಬಹುಕಾಲದಿಂದ ಬಳಕೆಯಲ್ಲಿದೆ. ರೋಗಿಯ ಸ್ಥಿತಿಯನ್ನು ನೋಡಿ ವೈದ್ಯರು ವಿಧಿಸುವ ಆಹಾರ ನಿಯಮವೇ ಪಥ್ಯ. ಬಾಣಂತಿಗೆ ಒಂದು, ಕಾಮಾಲೆಯವರಿಗೆ ಒಂದು, ಮೂತ್ರಪಿಂಡದ ರೋಗಿಗೆ ಮತ್ತೊಂದು. ಇಂದು ಪ್ರಚಾರದಲ್ಲಿರುವ ದಿಢೀರ್ ಡಯಟ್‌ಗಳಲ್ಲಿ ಈ ವಿವೇಚನೆಯೇ ಇರುವುದಿಲ್ಲ. ಇಪ್ಪತ್ತು ವರ್ಷದ ವಿದ್ಯಾರ್ಥಿನಿಗೂ ಅರವತ್ತು ವರ್ಷದ ಮಧುಮೇಹಿಗೂ ಒಂದೇ ಚೀಟಿಯನ್ನು ನೀಡಲಾಗುತ್ತದೆ. ಯಾವುದಾದರೊಂದು ಆಹಾರ ವರ್ಗವನ್ನು ಸಂಪೂರ್ಣವಾಗಿ ನಿಷೇಧಿಸುವುದು, ಒಂದೇ ಪದಾರ್ಥಕ್ಕೆ ವಿಶೇಷ ಶಕ್ತಿಯಿದೆ ಎನ್ನುವುದು, ದಿನಗಳ ಗಡುವು ನಿಗದಿಪಡಿಸುವುದು, ವ್ಯಾಯಾಮದ ಅಗತ್ಯವೇ ಇಲ್ಲ ಎನ್ನುವುದು, ಪುರಾವೆಯಾಗಿ ‘ಮೊದಲು’ ಮತ್ತು ‘ನಂತರ’ದ ಛಾಯಾಚಿತ್ರಗಳನ್ನಷ್ಟೇ ತೋರಿಸುವುದು ಇವುಗಳ ಸಾಮಾನ್ಯ ಲಕ್ಷಣ. ಕೊನೆಯಲ್ಲಿ ಪುಡಿಯ ಡಬ್ಬಿಯೊಂದನ್ನು ಕೊಳ್ಳಬೇಕಾಗಿ ಬಂದರೆ ಸಂಶಯಕ್ಕೆ ಮತ್ತಷ್ಟು ಕಾರಣವಿದೆ.

ಇವು ಹೊಸತೇನೂ ಅಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ತಾನು ತೆಳ್ಳಗಾದ ಬಗೆಯನ್ನು ಕುರಿತು 1863ರಲ್ಲಿಯೇ ಪುಸ್ತಿಕೆ ಪ್ರಕಟಿಸಿದ್ದನು. 1930ರ ದಶಕದಲ್ಲಿ ಅಮೆರಿಕದಲ್ಲಿ ಚಕ್ಕೋತದ ಜಾತಿಯ ಹಣ್ಣನ್ನು ಪ್ರತಿ ಊಟಕ್ಕೂ ತಿನ್ನುವ ಡಯಟ್ ಬಂದಿತು. 1972ರಲ್ಲಿ ವೈದ್ಯ ರಾಬರ್ಟ್ ಅಟ್ಕಿನ್ಸ್ ಅವರ ಪುಸ್ತಕವು ಬ್ಯಾಂಟಿಂಗನ ವಿಚಾರವನ್ನೇ ಹೊಸ ರೂಪದಲ್ಲಿ ಜನಪ್ರಿಯಗೊಳಿಸಿತು. ಈಗಿನ ‘ಕೀಟೊ’ ಆಹಾರಕ್ರಮವು ಮೂಲತಃ ಮೂರ್ಛೆರೋಗದ ಮಕ್ಕಳ ಚಿಕಿತ್ಸೆಗಾಗಿ 1920ರ ದಶಕದಲ್ಲಿ ರೂಪುಗೊಂಡಿದ್ದು, ಇಂದಿಗೂ ಆ ಉದ್ದೇಶಕ್ಕೆ ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಕೆಯಲ್ಲಿದೆ. ಪ್ರತಿ ಪೀಳಿಗೆಯೂ ಹಳೆಯದನ್ನೇ ಹೊಸ ಹೆಸರಿನಲ್ಲಿ ಕಂಡುಹಿಡಿಯುತ್ತಿದೆ ಎಂದರೆ ತಪ್ಪಾಗಲಾರದು. ಹಿಂದಿನದು ಫಲಿಸಿದ್ದರೆ ಹೊಸದರ ಅಗತ್ಯವೇ ಬೀಳುತ್ತಿರಲಿಲ್ಲ.

ಒಂದು ಉದಾಹರಣೆ: ಏಳು ದಿನದ ‘ಜಿ.ಎಂ. ಡಯಟ್’

ನಮ್ಮಲ್ಲಿ ಅತ್ಯಂತ ವ್ಯಾಪಕವಾಗಿ ಹರಡಿರುವ ಡಯಟ್ ಇದು. ಕಚೇರಿಗಳಲ್ಲಿ, ಕಾಲೇಜು ಹಾಸ್ಟೆಲುಗಳಲ್ಲಿ ಇದರ ಜೆರಾಕ್ಸ್ ಪ್ರತಿ ಕೈಯಿಂದ ಕೈಗೆ ದಾಟುತ್ತಿತ್ತು. ಈಗ ಮೊಬೈಲಿನಲ್ಲಿ ದಾಟುತ್ತಿದೆ. 1985ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು ತನ್ನ ನೌಕರರಿಗಾಗಿ ಸರ್ಕಾರಿ ಸಂಸ್ಥೆಗಳ ನೆರವಿನೊಂದಿಗೆ ಇದನ್ನು ಸಿದ್ಧಪಡಿಸಿತು ಎಂದು ಆ ಹಾಳೆಯಲ್ಲಿ ಬರೆದಿರುತ್ತದೆ. ಈ ಹೇಳಿಕೆಗೆ ಯಾವುದೇ ದಾಖಲೆಯ ಆಧಾರ ದೊರೆತಿಲ್ಲ. ಕಾರು ತಯಾರಿಸುವ ಕಂಪನಿಯ ಹೆಸರು ಊಟದ ಪಟ್ಟಿಗೆ ಹೇಗೆ ಅಧಿಕೃತತೆಯನ್ನು ತಂದುಕೊಡುತ್ತದೆ ಎಂಬುದೂ ಯೋಚಿಸತಕ್ಕ ವಿಷಯ.

ಮೊದಲ ದಿನ ಬಾಳೆಹಣ್ಣನ್ನು ಬಿಟ್ಟು ಉಳಿದ ಹಣ್ಣುಗಳು ಮಾತ್ರ. ಎರಡನೆಯ ದಿನ ತರಕಾರಿ ಮಾತ್ರ. ಮೂರನೆಯ ದಿನ ಇವೆರಡೂ. ನಾಲ್ಕನೆಯ ದಿನ ಎಂಟರಷ್ಟು ಬಾಳೆಹಣ್ಣು ಮತ್ತು ಮೂರು ಲೋಟ ಹಾಲು. ಐದನೆಯ ದಿನ ಟೊಮೆಟೊ ಹಾಗೂ ಮಾಂಸ. ಸಸ್ಯಾಹಾರಿಗಳಿಗೆಂದು ನಮ್ಮಲ್ಲಿ ಸೇರಿಸಿಕೊಂಡ ಒಂದು ಬಟ್ಟಲು ಅನ್ನ ಅಥವಾ ಮೊಳಕೆಕಾಳು. ಕೊನೆಯ ಎರಡು ದಿನ ಇವುಗಳದೇ ಬದಲಾವಣೆ. ಜೊತೆಗೆ ಎಷ್ಟು ಬೇಕಾದರೂ ಎಲೆಕೋಸಿನ ಸೂಪು. ವಾರದ ಕೊನೆಗೆ ಐದರಿಂದ ಎಂಟು ಕಿಲೋ ಇಳಿಕೆ ಎಂಬುದು ಇದರ ಭರವಸೆ.

ಈ ಭರವಸೆಯನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು. ದೇಹದಲ್ಲಿರುವ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋ ಕ್ಯಾಲೊರಿಗಳಷ್ಟು ಶಕ್ತಿಯ ಕೊರತೆ ಉಂಟಾಗಬೇಕು. ಅಂದರೆ ಐದು ಕಿಲೋ ಕೊಬ್ಬಿಗೆ 38,500, ದಿನವೊಂದಕ್ಕೆ 5,500. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ, ಕುಳಿತು ಕೆಲಸ ಮಾಡುವ 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ ಬೇಕಾಗುವ ಶಕ್ತಿ 1,660 ಕಿಲೋ ಕ್ಯಾಲೊರಿ. 65 ಕಿಲೋ ತೂಕದ ಪುರುಷನಿಗೆ 2,110. ಆ ಮಹಿಳೆಯು ಏಳು ದಿನ ಒಂದು ಅಗುಳನ್ನೂ ಮುಟ್ಟದೆ ಕೇವಲ ನೀರು ಕುಡಿದುಕೊಂಡಿದ್ದರೂ ಕೊರತೆಯಾಗುವುದು 11,620 ಕಿಲೋ ಕ್ಯಾಲೊರಿ. ಅದೆಲ್ಲವೂ ಕೊಬ್ಬಿನಿಂದಲೇ ಭರ್ತಿಯಾಯಿತೆಂದು ಇಟ್ಟುಕೊಂಡರೂ ಕರಗುವುದು ಒಂದೂವರೆ ಕಿಲೋ ಮಾತ್ರ. ಈ ಡಯಟ್‌ನಲ್ಲಿ ದಿನಕ್ಕೆ ಸಾವಿರದಷ್ಟು ಕ್ಯಾಲೊರಿ ದೊರೆತರೆ ವಾರದ ಕೊನೆಗೆ ಕರಗಿದ ಕೊಬ್ಬು ಸುಮಾರು 600 ಗ್ರಾಂ.

ಹಾಗಾದರೆ ತೂಕದ ಯಂತ್ರದಲ್ಲಿ ಮೂರು, ನಾಲ್ಕು ಕಿಲೋ ಇಳಿಕೆ ಕಂಡದ್ದು ಸುಳ್ಳೆ? ಸುಳ್ಳಲ್ಲ. ಆದರೆ ಇಳಿದದ್ದು ಬಹುಪಾಲು ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು 400ರಿಂದ 500 ಗ್ರಾಂ ಶರ್ಕರ ಸಂಗ್ರಹವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ಮುದ್ದೆ, ರೊಟ್ಟಿಗಳನ್ನು ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಈ ದಾಸ್ತಾನು ಬಹುಮಟ್ಟಿಗೆ ಖಾಲಿಯಾಗುತ್ತದೆ. ಅದರ ಜೊತೆಯಲ್ಲಿ ನೀರೂ ಮೂತ್ರದ ಮೂಲಕ ಹೊರಹೋಗುತ್ತದೆ. ಇಷ್ಟರಲ್ಲಿಯೇ ಒಂದೂವರೆಯಿಂದ ಎರಡು ಕಿಲೋ ಇಳಿದಂತಾಯಿತು. ಉಪ್ಪಿನಕಾಯಿ, ಹಪ್ಪಳ, ಸಾರು ಇಲ್ಲದೆ ಉಪ್ಪಿನ ಸೇವನೆ ತಗ್ಗುವುದರಿಂದ ಇನ್ನಷ್ಟು ನೀರು ಹೋಗುತ್ತದೆ. ಕರುಳಿನಲ್ಲಿ ಸಾಮಾನ್ಯವಾಗಿ ಇರುವ ಆಹಾರದ ಭಾರವೂ ಕಡಿಮೆಯಾಗುತ್ತದೆ. ಎಂಟನೆಯ ದಿನ ಮದುವೆ ಮನೆಯ ಊಟವಾದೊಡನೆ ಗ್ಲೈಕೋಜನ್ ಮತ್ತೆ ತುಂಬಿಕೊಳ್ಳುತ್ತದೆ, ನೀರೂ ಮರಳುತ್ತದೆ. ಎರಡೇ ದಿನದಲ್ಲಿ ಎರಡು ಕಿಲೋ ಏರಿತೆಂದು ಜನ ಗಾಬರಿಪಡುವುದು ಇದನ್ನು ನೋಡಿಯೇ. ಏರಿದ್ದು ಬೊಜ್ಜಲ್ಲ, ಇಳಿದದ್ದೂ ಬೊಜ್ಜಾಗಿರಲಿಲ್ಲ.

ಪೋಷಕಾಂಶಗಳ ಕಡೆಗೂ ಒಮ್ಮೆ ನೋಡಬೇಕು. ಆರೋಗ್ಯವಂತ ವಯಸ್ಕರಿಗೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಸಸಾರಜನಕ ಅಗತ್ಯವೆಂದು ನಿಗದಿಪಡಿಸಲಾಗಿದೆ. 60 ಕಿಲೋ ತೂಕದವರಿಗೆ ಇದು 50 ಗ್ರಾಂ. ಕೇವಲ ಹಣ್ಣು ತಿನ್ನುವ ದಿನ ದೊರೆಯುವುದು ಹತ್ತು ಗ್ರಾಂ ಆಸುಪಾಸು. ಕೊರತೆಯನ್ನು ದೇಹವು ತನ್ನ ಸ್ನಾಯುಗಳಿಂದಲೇ ತುಂಬಿಕೊಳ್ಳುತ್ತದೆ. ಎಂಟು ಬಾಳೆಹಣ್ಣು, ಮೂರು ಲೋಟ ಹಾಲಿನ ದಿನ ದೇಹಕ್ಕೆ ನಾಲ್ಕು ಗ್ರಾಂಗೂ ಮೀರಿದ ಪೊಟ್ಯಾಸಿಯಂ ಸೇರುತ್ತದೆ. ಆರೋಗ್ಯವಂತರ ಮೂತ್ರಪಿಂಡ ಇದನ್ನು ನಿಭಾಯಿಸುತ್ತದೆ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಇದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ತಮ್ಮ ಮೂತ್ರಪಿಂಡಕ್ಕೆ ತೊಂದರೆಯಾಗಿದೆ ಎಂಬುದು ಎಷ್ಟೋ ಮಧುಮೇಹಿಗಳಿಗೆ ಪರೀಕ್ಷೆ ಮಾಡಿಸುವವರೆಗೂ ತಿಳಿದಿರುವುದಿಲ್ಲ.

ಇಳಿದ ತೂಕ ಏಕೆ ಮರಳಿ ಬರುತ್ತದೆ?

ಡಯಟ್ ಮುಗಿದ ಮೇಲೆ ತೂಕ ಮತ್ತೆ ಏರಿದರೆ ‘ಮನಸ್ಸು ಗಟ್ಟಿಯಿಲ್ಲ’ ಎಂದು ದೂಷಿಸುವುದು ವಾಡಿಕೆ. ಬಹುಮಟ್ಟಿಗೆ ಇದು ಅನ್ಯಾಯದ ಮಾತು. ಮಾನವ ದೇಹವು ಸಾವಿರಾರು ವರ್ಷ ಬರಗಾಲಗಳನ್ನು ದಾಟಿಕೊಂಡು ಬಂದಿದೆ. ಮೈಸೂರು ಸೀಮೆಯನ್ನು ತತ್ತರಗೊಳಿಸಿದ 1876–78ರ ಬರದಂತಹ ಕಾಲದಲ್ಲಿ ಬದುಕುಳಿಯಲು ನೆರವಾಗುವ ವ್ಯವಸ್ಥೆ ದೇಹದೊಳಗೇ ಇದೆ. ಆಹಾರ ಹಠಾತ್ತನೆ ಕಡಿಮೆಯಾದಾಗ ಅದು ಬರವೋ ಡಯಟ್ಟೋ ಎಂಬ ಭೇದ ದೇಹಕ್ಕೆ ತಿಳಿಯದು. ಅದು ಖರ್ಚನ್ನು ಕಡಿಮೆ ಮಾಡುತ್ತದೆ, ಹಸಿವನ್ನು ಹೆಚ್ಚಿಸುತ್ತದೆ.

ಎರಡನೆಯ ಮಹಾಯುದ್ಧದ ಕೊನೆಯ ವೇಳೆಗೆ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಮಂದಿ ಆರೋಗ್ಯವಂತ ಸ್ವಯಂಸೇವಕರ ಆಹಾರವನ್ನು 24 ವಾರಗಳ ಕಾಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ ಅಧ್ಯಯನ ನಡೆಸಿದರು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ನಾಡಿಯ ಬಡಿತ ನಿಧಾನವಾಯಿತು, ಸದಾ ಚಳಿ, ನಿಶ್ಶಕ್ತಿ, ಸಿಡುಕುತನ, ಖಿನ್ನತೆ ಆವರಿಸಿದವು. ಹಗಲಿರುಳೂ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ನಿರ್ಬಂಧ ತೆಗೆದ ಮೇಲೆ ಹೊಟ್ಟೆ ತುಂಬಿದರೂ ತೃಪ್ತಿಯಾಗದಷ್ಟು ತಿಂದವರಿದ್ದರು. ಆ ಸ್ವಯಂಸೇವಕರಿಗೆ ದಿನಕ್ಕೆ ದೊರೆಯುತ್ತಿದ್ದದ್ದು ಸುಮಾರು 1,570 ಕಿಲೋ ಕ್ಯಾಲೊರಿ. ಇಂದು ಪ್ರಚಾರದಲ್ಲಿರುವ ಹಲವು ಡಯಟ್‌ಗಳು ಇದಕ್ಕಿಂತಲೂ ಕಡಿಮೆ ನೀಡುತ್ತವೆ ಎಂಬುದು ಗಮನಾರ್ಹ.

2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವನ್ನು ಇಲ್ಲಿ ಹೇಳುವುದು ಸೂಕ್ತ. ಅಮೆರಿಕದ ದೂರದರ್ಶನದಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ಪ್ರಸಾರವಾಗುತ್ತಿತ್ತು. ಅದರಲ್ಲಿ ಭಾಗವಹಿಸಿ ಸರಾಸರಿ 58 ಕಿಲೋ ಇಳಿಸಿಕೊಂಡಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಲಾಯಿತು. ಸರಾಸರಿ 41 ಕಿಲೋ ಮರಳಿ ಬಂದಿತ್ತು. ಅಷ್ಟೇ ಅಲ್ಲ, ವಿಶ್ರಾಂತಿಯಲ್ಲಿರುವಾಗ ಅವರ ದೇಹ ವ್ಯಯಿಸುತ್ತಿದ್ದ ಶಕ್ತಿಯು ಅವರ ಗಾತ್ರಕ್ಕೆ ನಿರೀಕ್ಷಿಸಬಹುದಾದುದಕ್ಕಿಂತ ದಿನಕ್ಕೆ ಸುಮಾರು 500 ಕಿಲೋ ಕ್ಯಾಲೊರಿಯಷ್ಟು ಕಡಿಮೆಯಿತ್ತು. ತೂಕ ಏರಿದರೂ ಚಯಾಪಚಯದ ವೇಗ ಏರಿರಲಿಲ್ಲ. ಇದಕ್ಕೂ ಮುನ್ನ 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಅತಿ ಕಡಿಮೆ ಕ್ಯಾಲೊರಿಯ ಆಹಾರದಿಂದ ತೂಕ ಇಳಿಸಿದವರಲ್ಲಿ ಹಸಿವನ್ನು ಹೆಚ್ಚಿಸುವ ಮತ್ತು ತೃಪ್ತಿಯನ್ನು ಕುಗ್ಗಿಸುವ ಹಾರ್ಮೋನು ಬದಲಾವಣೆಗಳು ಒಂದು ವರ್ಷ ಕಳೆದರೂ ಹಾಗೆಯೇ ಉಳಿದಿರುವುದನ್ನು ತೋರಿಸಿದ್ದರು.

ಪದೇ ಪದೇ ದಿಢೀರ್ ಡಯಟ್ ಮಾಡುವವರಲ್ಲಿ ಇನ್ನೊಂದು ನಷ್ಟವೂ ಇದೆ. ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ. ಏರುವಾಗ ಮರಳುವುದು ಹೆಚ್ಚಾಗಿ ಕೊಬ್ಬು. ವಯಸ್ಸಾದವರಲ್ಲಿ ಹೀಗೆ ಹೋದ ಸ್ನಾಯುವನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಯಾವ ಡಯಟ್ ಮೇಲು ಎಂಬ ಪ್ರಶ್ನೆ

ಅನ್ನ ಬಿಡಬೇಕೆ, ಎಣ್ಣೆ ಬಿಡಬೇಕೆ ಎಂಬ ವಾದಕ್ಕೆ ಕೊನೆಯಿಲ್ಲ. ಆದರೆ ಈ ಪ್ರಶ್ನೆಯನ್ನು ವೈಜ್ಞಾನಿಕವಾಗಿ ಪರಿಶೀಲಿಸಿಯೂ ಆಗಿದೆ. 2005ರಲ್ಲಿ 160 ಮಂದಿಯ ಮೇಲೆ ನಾಲ್ಕು ಪ್ರಸಿದ್ಧ ಡಯಟ್‌ಗಳನ್ನು ಹೋಲಿಸಿ ನೋಡಿದಾಗ, ಒಂದು ವರ್ಷದ ಕೊನೆಗೆ ಎಲ್ಲ ಗುಂಪುಗಳಲ್ಲಿಯೂ ಸರಾಸರಿ ಇಳಿಕೆ ಎರಡರಿಂದ ಮೂರು ಕಿಲೋ ಚಿಲ್ಲರೆ ಮಾತ್ರ ಇತ್ತು. ಅತಿ ಕಟ್ಟುನಿಟ್ಟಿನ ಡಯಟ್‌ಗಳನ್ನು ಅರ್ಧದಷ್ಟು ಮಂದಿ ನಡುವೆಯೇ ಕೈಬಿಟ್ಟಿದ್ದರು. 2009ರಲ್ಲಿ 811 ಮಂದಿಯ ಮೇಲೆ, 2018ರಲ್ಲಿ 609 ಮಂದಿಯ ಮೇಲೆ ನಡೆದ ಅಧ್ಯಯನಗಳಲ್ಲಿಯೂ ಕೊಬ್ಬು ಕಡಿಮೆ ಇರುವ ಆಹಾರಕ್ಕೂ ಶರ್ಕರಪಿಷ್ಟ ಕಡಿಮೆ ಇರುವ ಆಹಾರಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ಚೀನಾದಲ್ಲಿ 139 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನದ ಎಂಟು ಗಂಟೆಗಳೊಳಗೆ ಮಾತ್ರ ಉಣ್ಣುವುದರಿಂದ, ಅಷ್ಟೇ ಕ್ಯಾಲೊರಿಯನ್ನು ಯಾವ ಹೊತ್ತಿನಲ್ಲಾದರೂ ಉಣ್ಣುವುದಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. (ಏಕಾದಶಿ, ಒಪ್ಪೊತ್ತು, ರೋಜಾ ಮುಂತಾದ ವ್ರತಗಳು ಶ್ರದ್ಧೆಗೆ ಸಂಬಂಧಿಸಿದವು, ಅವುಗಳ ಚರ್ಚೆ ಇಲ್ಲಿಯದಲ್ಲ. ಆದರೆ ಉಪವಾಸದ ಹೆಸರಿನಲ್ಲಿ ತಟ್ಟೆ ತುಂಬ ಸಬ್ಬಕ್ಕಿ ಖಿಚಡಿ, ಅವಲಕ್ಕಿ ಒಗ್ಗರಣೆ ತಿಂದರೆ ತೂಕ ಇಳಿಯದು ಎಂಬುದನ್ನು ಹಿರಿಯರೂ ಬಲ್ಲರು.) ಈ ಎಲ್ಲ ಅಧ್ಯಯನಗಳಿಂದ ತಿಳಿದುಬರುವುದೇನೆಂದರೆ, ಡಯಟ್‌ನ ಹೆಸರಿಗಿಂತ ಅದನ್ನು ಎಷ್ಟು ಕಾಲ ಪಾಲಿಸಲು ಸಾಧ್ಯ ಎಂಬುದೇ ಫಲವನ್ನು ನಿರ್ಧರಿಸುತ್ತದೆ.

ಇದೇ ಸಂದರ್ಭದಲ್ಲಿ ಸಿರಿಧಾನ್ಯಗಳ ಬಗೆಗೂ ಒಂದು ಮಾತು. ರಾಗಿ, ಜೋಳ, ನವಣೆ, ಸಾಮೆಗಳು ಉತ್ತಮ ಆಹಾರ. ಅವುಗಳಲ್ಲಿ ನಾರಿನಾಂಶವೂ ಖನಿಜಾಂಶವೂ ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಅಕ್ಕಿಗೂ ಇವುಗಳಿಗೂ ಹೆಚ್ಚಿನ ಅಂತರವಿಲ್ಲ. ನೂರು ಗ್ರಾಂ ಧಾನ್ಯಕ್ಕೆ ಎಲ್ಲವೂ ಸುಮಾರು 320ರಿಂದ 360 ಕಿಲೋ ಕ್ಯಾಲೊರಿಯೊಳಗೇ ಇವೆ. ಅನ್ನ ಬಿಟ್ಟು ಎರಡರ ಬದಲು ಮೂರು ಮುದ್ದೆ ಉಂಡು ತೂಕ ಇಳಿಯಲಿಲ್ಲವೆಂದು ರಾಗಿಯನ್ನು ದೂರುವುದು ಸರಿಯಲ್ಲ.

ಹಾನಿಯ ಬಗೆಗಳು

ಅತಿ ವೇಗವಾಗಿ ತೂಕ ಇಳಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳು ಉಂಟಾಗುವ ಸಂಭವ ಹೆಚ್ಚುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗದ ಇಳಿಕೆಯಲ್ಲಿ ಈ ಅಪಾಯ ವಿಶೇಷವಾಗಿ ಕಂಡುಬರುತ್ತದೆ. ಕೂದಲು ಉದುರುವುದು ಮತ್ತೊಂದು ಸಾಮಾನ್ಯ ದೂರು. ಡಯಟ್ ಮಾಡಿದ ಎರಡು ಮೂರು ತಿಂಗಳ ನಂತರ ಇದು ಕಾಣಿಸಿಕೊಳ್ಳುವುದರಿಂದ ಕಾರಣ ಹೊಳೆಯುವುದೇ ಇಲ್ಲ, ಎಣ್ಣೆಯನ್ನೋ ಶಾಂಪೂವನ್ನೋ ಬದಲಿಸಲಾಗುತ್ತದೆ. ಮಲಬದ್ಧತೆ, ತಲೆಸುತ್ತು, ಮುಟ್ಟಿನ ಏರುಪೇರು, ಏಕಾಗ್ರತೆಯ ಕೊರತೆ ಸಾಮಾನ್ಯ.

ಇವುಗಳಿಗಿಂತ ಗಂಭೀರವಾದದ್ದು ಹೆಣ್ಣುಮಕ್ಕಳ ರಕ್ತಹೀನತೆ. 2019–21ರ ಸಮೀಕ್ಷೆಯಂತೆ ದೇಶದ ಶೇ. 57ರಷ್ಟು ಮಹಿಳೆಯರಲ್ಲಿ, ಕರ್ನಾಟಕದ ಹತ್ತಿರ ಹತ್ತಿರ ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆ ಇದೆ. ಮೊದಲೇ ಕಬ್ಬಿಣಾಂಶದ ಕೊರತೆ ಇರುವ ಕಾಲೇಜು ವಿದ್ಯಾರ್ಥಿನಿಯು ಬೇಳೆ, ಕಾಳು, ಸೊಪ್ಪು, ಮೊಟ್ಟೆ ಬಿಟ್ಟು ಹಣ್ಣಿನ ರಸದಲ್ಲಿ ದಿನ ದೂಡಿದರೆ ಅದರ ಪರಿಣಾಮವು ಒಂದು ವಾರಕ್ಕೆ ಸೀಮಿತವಾಗುವುದಿಲ್ಲ. ಮೂಳೆಗಳು ಗಟ್ಟಿಗೊಳ್ಳುವುದು ಹದಿಹರೆಯದಲ್ಲಿ ಹಾಗೂ ಇಪ್ಪತ್ತರ ಹರೆಯದಲ್ಲಿ. ಆ ಅವಧಿಯಲ್ಲಿ ತಪ್ಪಿದ್ದನ್ನು ಮುಂದೆ ಪೂರ್ತಿಯಾಗಿ ತುಂಬಲಾಗದು. ಮಗಳು ಊಟ ತಪ್ಪಿಸುತ್ತಿದ್ದರೆ, ಊಟವಾದ ಕೂಡಲೆ ಸ್ನಾನಗೃಹ ಸೇರುತ್ತಿದ್ದರೆ, ದಿನಕ್ಕೆ ಹಲವು ಬಾರಿ ತೂಕ ನೋಡಿಕೊಳ್ಳುತ್ತಿದ್ದರೆ ಪೋಷಕರು ಗದರಿಸದೆ, ಹಾಸ್ಯ ಮಾಡದೆ, ವೈದ್ಯರ ಬಳಿಗೆ ಕರೆದೊಯ್ಯಬೇಕು. ಇದು ಡಯಟ್ ಅಲ್ಲದೆ ಆಹಾರ ಸಂಬಂಧಿ ಮಾನಸಿಕ ಕಾಯಿಲೆಯ ಆರಂಭವೂ ಆಗಿರಬಹುದು. ಗಂಡುಮಕ್ಕಳಲ್ಲಿಯೂ ಇದು ಬರುತ್ತದೆ.

ಪ್ರಾಣಾಪಾಯದ ಉದಾಹರಣೆಗಳೂ ಇವೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳಿಂದ ತಯಾರಿಸಿದ ದ್ರವರೂಪದ ಪ್ರೋಟೀನನ್ನಷ್ಟೇ ಕುಡಿಯುವ ಡಯಟ್ ಜನಪ್ರಿಯವಾಯಿತು. ಹೃದಯದ ಬಡಿತ ಏರುಪೇರಾಗಿ ಸುಮಾರು 60 ಮಂದಿ ಮರಣ ಹೊಂದಿದರು. ನಮ್ಮ ದೇಶದಲ್ಲಿ ಸೋರೆಕಾಯಿ ರಸದ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಸೋರೆಕಾಯಿ ಸಾಧು ತರಕಾರಿ. ಆದರೆ ಕೆಲವೊಮ್ಮೆ ಅದರಲ್ಲಿ ಕುಕರ್ಬಿಟಾಸಿನ್ ಎಂಬ ಕಹಿ ವಿಷಾಂಶ ಹೆಚ್ಚಾಗಿರುತ್ತದೆ. 2010ರಲ್ಲಿ ದೆಹಲಿಯಲ್ಲಿ ಕಹಿ ರಸ ಕುಡಿದವರೊಬ್ಬರು ಮೃತಪಟ್ಟ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಜ್ಞರ ಸಮಿತಿಯನ್ನು ನೇಮಿಸಿತು. ರಸ ತೆಗೆಯುವ ಮುನ್ನ ಸಣ್ಣ ತುಂಡೊಂದನ್ನು ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು, ಬೇರೆ ರಸಗಳೊಂದಿಗೆ ಬೆರೆಸಬಾರದು, ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು ಎಂದು ಸಲಹೆ ನೀಡಲಾಯಿತು. ಔಷಧವೆಂದ ಮೇಲೆ ಕಹಿಯಿರಲೇಬೇಕು ಎಂದು ನುಂಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ‘ದೇಹಶುದ್ಧಿ’ಯ ಇತರ ರಸಗಳ ಬಗೆಗೆ ಹೇಳುವುದಾದರೆ, ದೇಹದ ಕಲ್ಮಶ ತೆಗೆಯಲು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳೂ ಕೆಲಸ ಮಾಡುತ್ತಿವೆ. ಹಸಿ ಸೊಪ್ಪಿನ ರಸವನ್ನು ವಿಪರೀತವಾಗಿ ಸೇವಿಸಿ, ಅದರಲ್ಲಿನ ಆಕ್ಸಲೇಟ್‌ನಿಂದ ಮೂತ್ರಪಿಂಡವೇ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ನಮ್ಮ ಮಲೆನಾಡಿನ ಉಪ್ಪಾಗೆಯ ಕಥೆಯೂ ಇಲ್ಲಿ ಪ್ರಸ್ತುತ. ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಈ ಹುಳಿ ಹಣ್ಣಿನ ಸಿಪ್ಪೆಯಲ್ಲಿರುವ ಆಮ್ಲವು ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರದಿಂದಾಗಿ 1990ರ ದಶಕದಲ್ಲಿ ಇದಕ್ಕೆ ವಿದೇಶಿ ಬೇಡಿಕೆ ಹುಟ್ಟಿತು. 1998ರಲ್ಲಿ 135 ಮಂದಿಗೆ 12 ವಾರ ಇದರ ಮಾತ್ರೆಯನ್ನೋ ಹುಸಿ ಮಾತ್ರೆಯನ್ನೋ ಕೊಟ್ಟು ನೋಡಿದಾಗ ಎರಡೂ ಗುಂಪುಗಳ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂತಹ ಮಾತ್ರೆಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳು ಮುಂದೆ ಬಂದವು. ಅಡುಗೆಗೆ ಹುಳಿಯಾಗಿ ಉಪ್ಪಾಗೆ ಬಳಸುವುದು ಬೇರೆ ಮಾತು, ಅದಕ್ಕೆ ಅಡ್ಡಿಯಿಲ್ಲ.

ಬೊಜ್ಜು ನಿವಾರಣೆಯ ಔಷಧಿ ಎಂದು ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮದಡಿ ನಿಷಿದ್ಧ. ಆ ಅಧಿನಿಯಮದ ಅನುಸೂಚಿಯಲ್ಲಿ ಬೊಜ್ಜು ಸೇರಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಯಾರು ಮಾಡಲೇಬಾರದು?

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುತ್ತಿರುವ ಮಧುಮೇಹಿಗಳು ವೈದ್ಯರಿಗೆ ತಿಳಿಸದೆ ಊಟ ಕಡಿತಗೊಳಿಸಿದರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪಬಹುದು. ಹೆಸರಿನ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದಿರುವ ಮಾತ್ರೆಗಳನ್ನು ಸೇವಿಸುವವರು ಕೀಟೊ ಡಯಟ್ ಅಥವಾ ದೀರ್ಘ ಉಪವಾಸ ಮಾಡಿದರೆ, ಸಕ್ಕರೆ ಪ್ರಮಾಣ ಹೆಚ್ಚಾಗಿ ಕಾಣದಿದ್ದರೂ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ ಉಂಟಾಗಬಹುದು. ಡಯಟ್ ಆರಂಭಿಸಿದೆವೆಂದು ಮಾತ್ರೆಯನ್ನೇ ನಿಲ್ಲಿಸಿಬಿಡುವುದು ಅಷ್ಟೇ ಅಪಾಯಕರ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ವರ್ಷದೊಳಗಿನವರು, ಮೂತ್ರಪಿಂಡ, ಯಕೃತ್ತು ಅಥವಾ ಹೃದಯದ ತೊಂದರೆ ಇರುವವರು, ಇಳಿವಯಸ್ಸಿನವರು ಇಂತಹ ಡಯಟ್‌ಗಳಿಂದ ದೂರವಿರತಕ್ಕದ್ದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. 2017ರಲ್ಲಿ ಬ್ರಿಟನ್ನಿನಲ್ಲಿ ದಿನಕ್ಕೆ ಸುಮಾರು 850 ಕಿಲೋ ಕ್ಯಾಲೊರಿಯ ಆಹಾರದಿಂದ ಮಧುಮೇಹವೇ ಹತೋಟಿಗೆ ಬಂದಿತಲ್ಲವೆ ಎಂದು ಕೆಲವರು ಕೇಳುತ್ತಾರೆ. ನಿಜ, ಒಂದು ವರ್ಷದ ನಂತರ ಅವರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಯ ಮಧುಮೇಹ ಔಷಧಿಯಿಲ್ಲದೆ ಹತೋಟಿಯಲ್ಲಿತ್ತು. ಆದರೆ ಅಲ್ಲಿ ಪೋಷಕಾಂಶಗಳನ್ನು ಲೆಕ್ಕಹಾಕಿ ಸೇರಿಸಿದ ಆಹಾರ ನೀಡಲಾಗಿತ್ತು, ಔಷಧಿಗಳನ್ನು ವೈದ್ಯರೇ ಬದಲಿಸಿದ್ದರು, ಮೂರರಿಂದ ಐದು ತಿಂಗಳ ನಂತರ ಹಂತಹಂತವಾಗಿ ಊಟಕ್ಕೆ ಮರಳಿಸಲಾಗಿತ್ತು, ಆಮೇಲೂ ನಿಯತವಾಗಿ ಮಾರ್ಗದರ್ಶನವಿತ್ತು. ಅದು ಚಿಕಿತ್ಸೆ, ಅಂದರೆ ಪಥ್ಯ.

ಸಾಧ್ಯವಾಗುವ ದಾರಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ವಾರಕ್ಕೆ ಅರ್ಧ ಕಿಲೋ ಇಳಿಕೆಯನ್ನು ಸುರಕ್ಷಿತವೆಂದು ಪರಿಗಣಿಸುತ್ತದೆ. ತೂಕ ಇಳಿಸುವ ಆಹಾರವು ದಿನಕ್ಕೆ 1,000 ಕಿಲೋ ಕ್ಯಾಲೊರಿಗಿಂತ ಕಡಿಮೆಯಿರಬಾರದು ಎನ್ನುತ್ತದೆ. ಅರ್ಧ ಕಿಲೋ ಎಂದರೆ ದಿನಕ್ಕೆ ಸುಮಾರು 550 ಕಿಲೋ ಕ್ಯಾಲೊರಿಯ ಕೊರತೆ. ಇದನ್ನು ಊಟ ಬಿಡದೆಯೇ ಬಹುಮಟ್ಟಿಗೆ ಸಾಧಿಸಬಹುದು. ಎರಡು ಚಮಚ ಸಕ್ಕರೆಯ ಐದು ಲೋಟ ಕಾಫಿ, ಟೀ ಎಂದರೆ 50 ಗ್ರಾಂ ಸಕ್ಕರೆ, 200 ಕಿಲೋ ಕ್ಯಾಲೊರಿ. ಹಾಲಿನ ಲೆಕ್ಕ ಬೇರೆ. ಒಂದು ಚಮಚ ಎಣ್ಣೆ 45 ಕಿಲೋ ಕ್ಯಾಲೊರಿ. ಒಗ್ಗರಣೆಗೆ ಬಾಟಲಿಯಿಂದ ನೇರವಾಗಿ ಸುರಿಯುವ ಬದಲು ಚಮಚದಿಂದ ಅಳೆದರೆ ದಿನಕ್ಕೆ ಎರಡು ಮೂರು ಚಮಚ ಉಳಿಯುತ್ತದೆ. ಸಂಜೆಯ ಬೋಂಡ, ಚೌಚೌ, ಬೇಕರಿಯ ಪಫ್ಸ್ ವಾರಕ್ಕೊಮ್ಮೆಯ ಮಾತಾಗಲಿ. ಸಕ್ಕರೆಗೆ ಬದಲಾಗಿ ಕೃತಕ ಸಿಹಿಯನ್ನು ತೂಕ ನಿಯಂತ್ರಣಕ್ಕಾಗಿ ಬಳಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಲಹೆ ನೀಡಿದೆ; ಸಿಹಿಯ ರೂಢಿಯನ್ನೇ ಕ್ರಮೇಣ ತಗ್ಗಿಸುವುದು ಮೇಲು.

ತಟ್ಟೆಯಲ್ಲಿ ಅನ್ನ ಅಥವಾ ಮುದ್ದೆಯ ಪ್ರಮಾಣ ತಗ್ಗಿಸಿ ಹುರುಳಿ, ಅಲಸಂದೆ, ಹೆಸರುಕಾಳಿನ ಪಲ್ಯ, ಸೊಪ್ಪಿನ ಸಾರು, ಕೋಸಂಬರಿಗಳನ್ನು ಹೆಚ್ಚಿಸಿದರೆ ಹೊಟ್ಟೆಯೂ ತುಂಬುತ್ತದೆ, ಸಸಾರಜನಕವೂ ದೊರೆಯುತ್ತದೆ. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಜೊತೆಗಿರುವ ಹಸಿ ಸೌತೆ, ಮೂಲಂಗಿ, ಮೆಂತ್ಯೆ ಸೊಪ್ಪು, ಮೊಳಕೆಕಾಳುಗಳ ಪದ್ಧತಿಯನ್ನು ಹೊರಗಿನಿಂದ ತರಬೇಕಾಗಿಲ್ಲ, ಬಿಡದಿದ್ದರೆ ಸಾಕು. ದಿನಕ್ಕೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಚುರುಕಾದ ನಡಿಗೆ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಶ್ರಮ ಕೊಡುವ ವ್ಯಾಯಾಮ ಇರಬೇಕು. ನಡಿಗೆಯಿಂದಷ್ಟೇ ತೂಕ ಬಹಳ ಇಳಿಯದು. ಆದರೆ ಇಳಿದ ತೂಕ ಮರಳದಂತೆ ತಡೆಯುವಲ್ಲಿ ಅದರ ಪಾತ್ರ ದೊಡ್ಡದು. ಇರುವ ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಪ್ರಮಾಣಗಳಲ್ಲಿ ಸುಧಾರಣೆ ಕಾಣುತ್ತದೆ. 80 ಕಿಲೋ ತೂಕದವರು 60ಕ್ಕೆ ಇಳಿಯಲೇಬೇಕೆಂದಿಲ್ಲ. 75 ಆದರೂ ಲಾಭವಿದೆ.

ಇಷ್ಟಾಗಿಯೂ ತೂಕ ಇಳಿಯದವರಿದ್ದಾರೆ. ಥೈರಾಯ್ಡ್ ತೊಂದರೆ, ಅಂಡಾಶಯದ ಪಿ.ಸಿ.ಓ.ಎಸ್., ಕೆಲವು ಔಷಧಿಗಳು, ನಿದ್ರಾಹೀನತೆ ಇದಕ್ಕೆ ಕಾರಣವಾಗಿರಬಹುದು. ಅಂತಹವರಿಗೆ ಡಯಟ್ ಚೀಟಿಗಿಂತ ತಪಾಸಣೆ ಅಗತ್ಯ. ಅಗತ್ಯವಿದ್ದವರಿಗೆ ಇಂದು ಔಷಧಿ ಮತ್ತು ಶಸ್ತ್ರಚಿಕಿತ್ಸೆಗಳೂ ಲಭ್ಯವಿದ್ದು, ಅವನ್ನು ತಜ್ಞ ವೈದ್ಯರ ನಿರ್ಧಾರದ ಮೇರೆಗೆ ಮಾತ್ರ ಪಡೆಯಬೇಕು.

ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರ ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಲಾಗುತ್ತದೆ. ಹೆಚ್ಚಿನ ಸಲಹೆಗೆ ಸರ್ಕಾರಿ ಆಸ್ಪತ್ರೆಗಳ ಎನ್.ಸಿ.ಡಿ. ಕ್ಲಿನಿಕ್‌ಗಳನ್ನು ಸಂಪರ್ಕಿಸಬಹುದು. ಭೇಟಿಗೆ ಮುನ್ನ ಮೂರು ದಿನ ತಾವು ತಿಂದ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಹೋಗುವುದು ಒಳ್ಳೆಯದು. ಆ ಮೂರರಲ್ಲಿ ಒಂದು ದಿನ ಭಾನುವಾರವಿರಲಿ. ಕಾಫಿ, ಟೀ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ತಿಂದದ್ದು, ದೇವಸ್ಥಾನದ ಪ್ರಸಾದ, ಎಲ್ಲವೂ ಸೇರಲಿ. ಸೇವಿಸುತ್ತಿರುವ ಮಾತ್ರೆಗಳನ್ನು, ಕೊಂಡ ಪುಡಿಯೇನಾದರೂ ಇದ್ದರೆ ಅದರ ಡಬ್ಬಿಯನ್ನು ಸಹ ತಪ್ಪದೆ ಕೊಂಡೊಯ್ಯಬೇಕು.